ಸೆಕೆಂಡರಿ ಕ್ಲಾರಿಫೈಯರ್‌ನಿಂದ ಸ್ಲಜ್ ಹೊರಹೋಗುತ್ತಿದ್ದರೆ: ರಟ್ಟು ಬಳಸುವ ಕಾಗದ ಕಾರ್ಖಾನೆಯ ಇಟಿಪಿಗೆ ದೋಷ ನಿವಾರಣೆ ಕೈಪಿಡಿ

ನೆನ್ನೆಯವರೆಗೂ ತಿಳಿಯಾಗಿದ್ದ ಸೆಕೆಂಡರಿ ಕ್ಲಾರಿಫೈಯರ್ (ಸ್ಲಜ್ ತಳಕ್ಕೆ ಕೂತು ತಿಳಿನೀರು ಮೇಲಿಂದ ಹೊರಹೋಗುವ ಟ್ಯಾಂಕ್). ಇವತ್ತು ನೀರು ಹೊರಚೆಲ್ಲುವ ವಿಯರ್ ಅಂಚಿನುದ್ದಕ್ಕೂ ಕಂದು ಮೋಡದಂಥ ಸ್ಲಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ಎದ್ದು ದಾಟುತ್ತಿದೆ, ಆ ನೀರು ಹರಿಯುವ ಕಾಲುವೆ, ಲಾಂಡರ್, ತುಂಬ ಕೆಸರು. ಈ ಹೊತ್ತಿಗೆ ಬಹಳಷ್ಟು ಇಟಿಪಿಗಳಲ್ಲಿ (ಕಾರ್ಖಾನೆಯ ಕೊಳಕು ನೀರು ಶುದ್ಧಮಾಡುವ ಘಟಕ) ಮಾಡುವ ಮೊದಲ ಕೆಲಸ ಕೆಸರನ್ನು ಗಂಟುಕಟ್ಟಿಸುವ ಪಾಲಿಮರ್ ಡೋಸ್ ಏರಿಸುವುದು. ಎರಡು ದಿನ ನೀರು ತಿಳಿಯಾದಂತೆ ಕಾಣುತ್ತದೆ, ಮೂರನೇ ದಿನ ಮತ್ತೆ ಅದೇ ಪಾಡು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ತೊಂದರೆ ಕಾಣಿಸುವುದು ಕ್ಲಾರಿಫೈಯರ್‌ನಲ್ಲಿ, ಹುಟ್ಟುವುದು ಹೆಚ್ಚಾಗಿ ಅದಕ್ಕೂ ಮೇಲೆ: ಬ್ಯಾಕ್ಟೀರಿಯಾಗೆ ಗಾಳಿ ಊದುವ ಏರೇಷನ್ ಟ್ಯಾಂಕಿನಲ್ಲಿ, ಬಂದ ನೀರನ್ನು ಕೂಡಿಟ್ಟು ಸಮಮಾಡುವ ಈಕ್ವಲೈಸೇಷನ್ ಟ್ಯಾಂಕಿನಲ್ಲಿ, ಎಷ್ಟೋ ಸಲ ಪೇಪರ್ ಮಷೀನಿನ ಚರಂಡಿಯಲ್ಲಿ.

ಇಲ್ಲಿರುವುದು ಹಳೆ ರಟ್ಟಿನಿಂದ ಕ್ರಾಫ್ಟ್ ಕಾಗದ ಮಾಡುವ ಕಾರ್ಖಾನೆಗಳ ಮಾತು. ದಾಂಡೇಲಿಯ ಹಾಗೆ ಮರದಿಂದ ತಿರುಳು ತೆಗೆಯುವ ಕಡೆ ಲಿಗ್ನಿನ್ ಬಣ್ಣ, ಕಪ್ಪು ದ್ರಾವಣದ ಸೋರಿಕೆ ಇತ್ಯಾದಿ ಬೇರೆಯೇ ತಲೆನೋವು. ಅದನ್ನು ಇಲ್ಲಿ ಮುಟ್ಟಿಲ್ಲ. ಲೆಕ್ಕಕ್ಕೆ ಒಂದು ಮಾದರಿ ಇಟ್ಟುಕೊಳ್ಳೋಣ: ದಿನಕ್ಕೆ 1000 ಘನ ಮೀಟರ್ ನೀರು, ಏರೇಷನ್‌ಗೆ ಬರುವ ಬಿಒಡಿ (ಬ್ಯಾಕ್ಟೀರಿಯಾ ತಿನ್ನಬಲ್ಲ ಕೊಳೆಯ ಅಳತೆ) ಲೀಟರಿಗೆ 800 ಮಿ.ಗ್ರಾಂ, 1500 ಘನ ಮೀಟರಿನ ಏರೇಷನ್ ಟ್ಯಾಂಕ್, ಎಂಎಲ್‌ಎಸ್‌ಎಸ್ (ಆ ಟ್ಯಾಂಕಿನಲ್ಲಿ ತೇಲುವ ಒಟ್ಟು ಘನ, ಲೀಟರಿಗೆ ಮಿ.ಗ್ರಾಂ) 3500, ಅದರಲ್ಲಿ ಎಂಎಲ್‌ವಿಎಸ್‌ಎಸ್ (ಸುಟ್ಟರೆ ಉರಿದುಹೋಗುವ ಪಾಲು, ಜೀವಿಗಳ ಅಂದಾಜು) 2300. ನಿಮ್ಮ ಅಂಕಿ ಹಾಕಿ ಅದೇ ದಾರಿಯಲ್ಲಿ ಲೆಕ್ಕ ಮಾಡಿಕೊಳ್ಳಿ.

ಮೊದಲ ಅರ್ಧ ಗಂಟೆ: ಸಿಲಿಂಡರ್ ಮುಂದೆ ಕೂರಿ

ಏರೇಷನ್ ಟ್ಯಾಂಕಿನ ಕೊನೆಯಿಂದ, ಕ್ಲಾರಿಫೈಯರ್‌ಗೆ ಹೋಗುವ ಬಾಯಿಯಲ್ಲಿ ಮಾದರಿ ತೆಗೆದು 1 ಲೀಟರಿನ ಸಿಲಿಂಡರಿಗೆ ಕೂಡಲೇ ಹಾಕಿ. ಲ್ಯಾಬಿಗೆ ಒಯ್ದು, ಚಹಾ ಕುಡಿದು ಬಂದು ಹಾಕಿದರೆ ಆ ಓದು ಸುಳ್ಳು. ಬಿಸಿಲು ಬೀಳದ, ಪಂಪಿನ ಅದುರು ಇಲ್ಲದ ಜಾಗದಲ್ಲಿಟ್ಟು 5, 10, 20, 30ನೇ ನಿಮಿಷಕ್ಕೆ ಸ್ಲಜ್ ಮಟ್ಟ ಬರೆದುಕೊಳ್ಳಿ. ಬರೀ 30ನೇ ನಿಮಿಷದ ಅಂಕಿ ಬರೆದು ಎದ್ದು ಹೋಗುವ ಅಭ್ಯಾಸದಿಂದಲೇ ಅರ್ಧ ರೋಗ ಕೈತಪ್ಪುತ್ತದೆ. ಸ್ಲಜ್ ಹೇಗೆ ಇಳಿಯಿತು, ಮೇಲಿನ ನೀರು ಹೇಗಿದೆ ಎನ್ನುವುದು ಅಂಕಿಗಿಂತ ಹೆಚ್ಚು ಹೇಳುತ್ತದೆ.

ಸ್ಲಜ್ ನಿಧಾನ ಇಳಿದು 800–900 ಮಿ.ಲೀ.ನಲ್ಲೇ ನಿಂತಿದೆ, ಆದರೆ ಮೇಲೆ ಉಳಿದ ನೀರು ಕನ್ನಡಿಯಂತಿದೆ ಎಂದರೆ ದಾರದಂತೆ ಬೆಳೆಯುವ ಎಳೆ ಬ್ಯಾಕ್ಟೀರಿಯಾ ಅಥವಾ ಲೋಳೆ. ಮೇಲಿನ ನೀರು ಮಜ್ಜಿಗೆ ನೀರಿನಂತೆ ಮಂಕಾಗಿದ್ದರೆ ವಿಷ, ವಿಪರೀತ ಲೋಡ್ ಅಥವಾ ಬಿಸಿ. ಐದೇ ನಿಮಿಷದಲ್ಲಿ ಮರಳಿನಂತೆ ದಬಕ್ಕನೆ ಕೂತು, ಮೇಲೆ ಸಣ್ಣ ಚುಕ್ಕೆಗಳು ತೇಲುತ್ತಿದ್ದರೆ ಸ್ಲಜ್ ಹಳತಾಗಿದೆ ಅಥವಾ ಕ್ಯಾಲ್ಸಿಯಂ ತುಂಬಿದೆ. ಚೆನ್ನಾಗಿ ಕೂತು, ಒಂದೆರಡು ಗಂಟೆಯ ನಂತರ ಗಂಟುಗಂಟಾಗಿ ಮೇಲೆದ್ದರೆ ಒಳಗೆ ಅನಿಲ ಹುಟ್ಟುತ್ತಿದೆ. ಸಿಲಿಂಡರಿನಲ್ಲಿ ಎಲ್ಲ ಸರಿಯಿದ್ದೂ ಕ್ಲಾರಿಫೈಯರ್ ಮಾತ್ರ ಉಕ್ಕುತ್ತಿದ್ದರೆ ಜೀವಿಗಳದ್ದೇನೂ ತಪ್ಪಿಲ್ಲ. ತಳದ ಸ್ಲಜ್ಜನ್ನು ಏರೇಷನ್‌ಗೆ ಮರಳಿಸುವ ರಿಟರ್ನ್ ಸ್ಲಜ್ ಪಂಪ್, ತಳ ಕೆರೆಯುವ ಸ್ಕ್ರೇಪರ್, ವಿಯರ್ ಮಟ್ಟ ನೋಡಿ: ಪಂಪಿನ ಇಂಪೆಲ್ಲರಿಗೆ ನಾರು ಹಗ್ಗದಂತೆ ಸುತ್ತಿಕೊಂಡಿರುತ್ತದೆ, ಇಲ್ಲವೇ ವಿಯರ್ ಒಂದು ಕಡೆ ತಗ್ಗಿ ನೀರೆಲ್ಲ ಅಲ್ಲೇ ನುಗ್ಗುತ್ತಿರುತ್ತದೆ.

ಎಸ್‌ವಿಐ (ಕೂತ ಸ್ಲಜ್ ಗ್ರಾಂಗೆ ಎಷ್ಟು ಮಿ.ಲೀ. ಜಾಗ ಹಿಡಿಯುತ್ತದೆ ಎಂಬ ಸೂಚ್ಯಂಕ) ಲೆಕ್ಕ ಹೀಗೆ: 30 ನಿಮಿಷದ ಓದನ್ನು 1000ದಿಂದ ಗುಣಿಸಿ ಎಂಎಲ್‌ಎಸ್‌ಎಸ್‌ನಿಂದ ಭಾಗಿಸಿ. 80ರಿಂದ 150 ಆರೋಗ್ಯ, 200 ದಾಟಿದರೆ ಬಲ್ಕಿಂಗ್, ಅಂದರೆ ಸ್ಲಜ್ ಉಬ್ಬಿ ಸರಿಯಾಗಿ ಕೂರದಿರುವುದು. ಆದರೆ ಓದು 250 ಮಿ.ಲೀ. ದಾಟಿದಾಗ ಸಿಲಿಂಡರಿನ ಗೋಡೆಯೇ ಸ್ಲಜ್ ಇಳಿಯದಂತೆ ತಡೆಯುತ್ತದೆ, ಅಂಕಿ ಹಾದಿ ತಪ್ಪಿಸುತ್ತದೆ. ಆಗ ದುರ್ಬಲಗೊಳಿಸಿ ನೋಡಲೇಬೇಕು. ಅರ್ಧ ಭಾಗ ಮಾದರಿ, ಅರ್ಧ ಭಾಗ ಕ್ಲಾರಿಫೈಯರ್‌ನ ತಿಳಿನೀರು (ನಲ್ಲಿ ನೀರು ಬೇಡ). ಮೊದಲು 930 ಇದ್ದದ್ದು ಈಗ 280ಕ್ಕೆ ಇಳಿದರೆ ನಿಜವಾದ ಸೂಚ್ಯಂಕ 160ರಷ್ಟೇ. ಟ್ಯಾಂಕಿನಲ್ಲಿ ಸ್ಲಜ್ ಜಾಸ್ತಿಯಾಗಿದೆ, ಹೊರಹಾಕಿ ಸಾಕು. ಅರ್ಧಕ್ಕೆ ಇಳಿಸಿದರೂ 600ರಲ್ಲೇ ನಿಂತರೆ ನಾಲ್ಕನೇ ಒಂದಕ್ಕೆ ಇಳಿಸಿ. ಅದು 240 ಬಂದರೆ 240 × 4 = 960, ಎಸ್‌ವಿಐ 274: ಅಪ್ಪಟ ಬಲ್ಕಿಂಗ್. ಇಷ್ಟು ಮಾಡಲು ಎರಡು ಸಿಲಿಂಡರ್ ಹೆಚ್ಚಿಗೆ ಬೇಕು, ಅಷ್ಟೇ.

ಬಲ್ಕಿಂಗ್ ಇದ್ದಾಗ ರಿಟರ್ನ್ ಪಂಪನ್ನು ಪೂರ್ತಿ ತೆರೆದರೆ ಸರಿಹೋಗುತ್ತದೆ ಎಂಬ ನಂಬಿಕೆಯೂ ಇದೆ. ಬೇಕಾದ ರಿಟರ್ನ್ ಪ್ರಮಾಣ ಎಂದರೆ 30 ನಿಮಿಷದ ಓದನ್ನು, 1000ದಲ್ಲಿ ಆ ಓದು ಕಳೆದುಳಿದದ್ದರಿಂದ ಭಾಗಿಸಬೇಕು. ಓದು 300 ಇದ್ದರೆ ಒಳಹರಿವಿನ ಶೇ. 43, ಓದು 900 ಆದರೆ ಒಳಹರಿವಿನ ಒಂಬತ್ತು ಪಟ್ಟು! ಅಂಥ ಪಂಪ್ ಯಾರಲ್ಲೂ ಇಲ್ಲ. ಹೆಚ್ಚಿಗೆ ತಿರುಗಿಸಿದಷ್ಟೂ ಕ್ಲಾರಿಫೈಯರ್ ಕಲಕುತ್ತದೆ.

ಡಿಒ ಏರಿತೋ ಇಳಿಯಿತೋ

ಬ್ಲೋವರ್ ಎಷ್ಟು ಓಡುತ್ತಿದ್ದವೋ ಅಷ್ಟೇ ಓಡುತ್ತಿವೆ, ಆದರೂ ಡಿಒ (ನೀರಿನಲ್ಲಿ ಕರಗಿದ ಆಮ್ಲಜನಕ, ಲೀಟರಿಗೆ ಮಿ.ಗ್ರಾಂ) 2ರಿಂದ 0.5ಕ್ಕೆ ಇಳಿದಿದ್ದರೆ ಲೋಡ್ ಏರಿದೆ ಅಥವಾ ಗಾಳಿ ನೀರಿಗೆ ಸೇರುತ್ತಿಲ್ಲ. ಡಿಒ 2ರಿಂದ 5ಕ್ಕೆ ಹಾರಿದ್ದರೆ ಖುಷಿಪಡಬೇಡಿ: ಉಸಿರಾಡುವವರು ಸತ್ತಿದ್ದಾರೆ ಅಥವಾ ಊಟ ಬಂದಿಲ್ಲ. ಡಿಒ ಹೆಚ್ಚಿದೆ ಎಂದು ಲಾಗ್ ಬುಕ್‌ನಲ್ಲಿ ಟಿಕ್ ಹಾಕಿ ಬ್ಲೋವರ್ ನಿಲ್ಲಿಸುವ ಶಿಫ್ಟ್‌ಗಳಿವೆ.

ಅಳೆಯುವುದು ಟ್ಯಾಂಕಿನೊಳಗೇ, ಮೀಟರಿನ ಪ್ರೋಬ್ ಮುಳುಗಿಸಿ. ಬಕೆಟ್ಟಿನಲ್ಲಿ ಎತ್ತಿ ತಂದರೆ ಗಂಟೆಗೆ ಲೀಟರಿಗೆ 40 ಮಿ.ಗ್ರಾಂ ಆಮ್ಲಜನಕ ತಿನ್ನುವ ಸ್ಲಜ್, 2 ಮಿ.ಗ್ರಾಂ ಡಿಒ ಅನ್ನು ಮೂರು ನಿಮಿಷದಲ್ಲಿ ಮುಗಿಸಿರುತ್ತದೆ. ಆ ತಿನ್ನುವ ವೇಗವನ್ನೇ ಅಳೆದರೆ ಇನ್ನೂ ಒಳ್ಳೆಯದು: ಮಾದರಿಗೆ ಗಾಳಿ ಕೊಟ್ಟು ಬಿಒಡಿ ಬಾಟಲಿಗೆ ತುಂಬಿ, ಪ್ರೋಬ್ ಇಟ್ಟು ಕಲಕುತ್ತ ನಿಮಿಷಕ್ಕೊಮ್ಮೆ ಓದಿ. ಐದು ನಿಮಿಷದಲ್ಲಿ 6ರಿಂದ 3ಕ್ಕೆ ಇಳಿದರೆ ಗಂಟೆಗೆ 36, ಎಂಎಲ್‌ವಿಎಸ್‌ಎಸ್ 2.3 ಗ್ರಾಂನಿಂದ ಭಾಗಿಸಿದರೆ ಸುಮಾರು 15.6. 8ರಿಂದ 20ರ ನಡುವೆ ಇದ್ದರೆ ಜೀವ ಗಟ್ಟಿಯಾಗಿದೆ. 4–5ಕ್ಕೆ ಕುಸಿದಿದ್ದರೆ ಹಿಂದಿನ 24 ಗಂಟೆಯಲ್ಲಿ ಮಷೀನಿನಲ್ಲಿ ಬಾಯ್ಲ್ ಔಟ್ ಆಯಿತೇ ಎಂದು ಕೇಳಿ. ಕಾಸ್ಟಿಕ್ ಹಾಕಿ ತೊಳೆದ ನೀರಿನ ಪಿಎಚ್ 11–12 ಇರುತ್ತದೆ, ಜೊತೆಗೆ ಲೋಳೆ ಕೊಲ್ಲುವ ಸ್ಲಿಮಿಸೈಡ್. ಅದನ್ನು ಬೇರೆ ಪಿಟ್‌ಗೆ ಹಿಡಿದು, ಪಿಎಚ್ ಸರಿಮಾಡಿ, ಎರಡು ಮೂರು ದಿನದಲ್ಲಿ ಸ್ವಲ್ಪಸ್ವಲ್ಪ ಬಿಡಬೇಕು. ಈಗಾಗಲೇ ಬಂದುಬಿಟ್ಟಿದ್ದರೆ ಒಳಹರಿವು ತಗ್ಗಿಸಿ, ಸ್ಲಜ್ ಹೊರಹಾಕುವುದನ್ನು ನಿಲ್ಲಿಸಿ, ಗಾಳಿ ಕೊಡುವುದನ್ನು ಮಾತ್ರ ನಿಲ್ಲಿಸಬೇಡಿ. ಸತ್ತದ್ದು ಹೆಚ್ಚಿದ್ದರೆ ಬೇರೆ ಇಟಿಪಿಯಿಂದ ಹೊಸ ಸ್ಲಜ್ ತರಿಸಿ.

ನೀರಿನ ಬಿಸಿಯನ್ನೂ ನೋಡಿಕೊಳ್ಳಿ. ಬ್ಯಾಕ್‌ವಾಟರ್ (ಮಷೀನಿನಿಂದ ಬಸಿದ ನೀರು) ಮರುಬಳಕೆ ಹೆಚ್ಚಿದಷ್ಟೂ ಚರಂಡಿ ನೀರು ಬಿಸಿ. ಏರೇಷನ್ ಟ್ಯಾಂಕ್ 38–40 ಡಿಗ್ರಿ ದಾಟಿದರೆ ಫ್ಲಾಕ್ (ಬ್ಯಾಕ್ಟೀರಿಯಾ ಸೇರಿ ಕಟ್ಟಿದ ಗಂಟು) ಒಡೆದು ನೀರು ಮಂಕಾಗುತ್ತದೆ. ಏಪ್ರಿಲ್‌ನಲ್ಲಿ ಇದನ್ನು ಬಲ್ಕಿಂಗ್ ಎಂದು ತಪ್ಪು ತಿಳಿಯುವುದು ಸಾಮಾನ್ಯ.

ಯೂರಿಯಾ, ಡಿಎಪಿ ಸಾಲದೇ?

ಕಾಗದದ ನೀರಿನಲ್ಲಿ ಪಿಷ್ಟ ಉಂಟು, ನಾರು ಉಂಟು, ಸಾರಜನಕ ಮತ್ತು ರಂಜಕ ಇಲ್ಲವೆನ್ನುವಷ್ಟು ಕಡಿಮೆ. ಊಟದಲ್ಲಿ ಅನ್ನ ಮಾತ್ರ ಬಡಿಸಿದಂತೆ. ಇವು ಸಾಲದಾದಾಗ ಬ್ಯಾಕ್ಟೀರಿಯಾ ತಿಂದದ್ದನ್ನು ಹೊಸ ಜೀವಕೋಶ ಮಾಡಲಾಗದೆ ಲೋಳೆ ಮಾಡಿ ಹೊರಗೆ ಸುತ್ತಿಕೊಳ್ಳುತ್ತದೆ. ಸ್ಲಜ್ ಬೂದು ಬಣ್ಣಕ್ಕೆ ತಿರುಗುತ್ತದೆ. ಎರಡು ಬೆರಳಿನ ನಡುವೆ ಉಜ್ಜಿದರೆ ಬೆಂಡೆಕಾಯಿ ಲೋಳೆಯ ಹಾಗೆ ಜಾರುತ್ತದೆ. ಏರೇಷನ್ ಮೇಲೆ ಬಿಳಿ, ಅಂಟು ನೊರೆ. ಪ್ರೆಸ್‌ನಲ್ಲಿ ಹಿಂಡಿದರೂ ನೀರು ಬಿಡುವುದಿಲ್ಲ. ಖಾತ್ರಿಗೆ ಸ್ಲೈಡಿನ ಮೇಲೆ ಒಂದು ಹನಿ ಸ್ಲಜ್, ಒಂದು ಹನಿ ಇಂಡಿಯಾ ಇಂಕ್ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಆರೋಗ್ಯದ ಫ್ಲಾಕ್ ಒಳಕ್ಕೆ ಕಪ್ಪು ಮಸಿ ನುಗ್ಗಿರುತ್ತದೆ. ಲೋಳೆ ಇದ್ದರೆ ಫ್ಲಾಕ್ ಸುತ್ತ, ಒಳಗೆ ದೊಡ್ಡ ಬಿಳಿ ಮಚ್ಚೆಗಳು ಉಳಿದಿರುತ್ತವೆ.

ಪ್ರಮಾಣ ಬಿಒಡಿ 100ಕ್ಕೆ ಸಾರಜನಕ 5, ರಂಜಕ 1. ನಮ್ಮ ಮಾದರಿಯಲ್ಲಿ ದಿನಕ್ಕೆ 800 ಕಿಲೋ ಬಿಒಡಿ, ಅಂದರೆ 40 ಕಿಲೋ ಸಾರಜನಕ, 8 ಕಿಲೋ ರಂಜಕ. ಡಿಎಪಿಯಲ್ಲಿ ರಂಜಕ ಶೇ. 20, ಸಾರಜನಕ ಶೇ. 18. ಚೀಲದ ಮೇಲಿನ 46 ಎಂಬ ಅಂಕಿ ರಂಜಕದ್ದಲ್ಲ, ಅದರ ಆಕ್ಸೈಡಿನದ್ದು. ಇಲ್ಲಿ ಎಡವುವವರು ಅರ್ಧಕ್ಕಿಂತ ಕಡಿಮೆ ರಂಜಕ ಹಾಕುತ್ತಿರುತ್ತಾರೆ. ಹಾಗಾಗಿ 40 ಕಿಲೋ ಡಿಎಪಿ. ಅದರಿಂದ 7.2 ಕಿಲೋ ಸಾರಜನಕವೂ ಸಿಕ್ಕಿತು, ಉಳಿದ 32.8 ಕಿಲೋಗೆ ಶೇ. 46ರ ಯೂರಿಯಾ 71 ಕಿಲೋ.

ಹಾಕುವ ರೀತಿಯಲ್ಲೂ ತಪ್ಪಾಗುತ್ತದೆ. ಬೆಳಗಿನ ಶಿಫ್ಟ್‌ನಲ್ಲಿ ಚೀಲ ಹರಿದು ಟ್ಯಾಂಕಿಗೆ ಸುರಿದರೆ ಮಧ್ಯಾಹ್ನದವರೆಗೆ ಹಬ್ಬ, ರಾತ್ರಿಯಿಡೀ ಉಪವಾಸ. ಹಿಂದಿನ ದಿನವೇ ಸಿಹಿನೀರಿನಲ್ಲಿ ಕರಗಿಸಿಟ್ಟು 24 ಗಂಟೆಯೂ ಸಣ್ಣ ಪಂಪಿನಿಂದ ಹನಿಸಿ. ಇಟಿಪಿ ನೀರಿನಲ್ಲೇ ಡಿಎಪಿ ಕರಗಿಸುವುದು ಬೇಡ. ಅದರ ಕ್ಯಾಲ್ಸಿಯಂ ಜೊತೆ ಸೇರಿ ರಂಜಕ ಬಿಳಿ ಗಸಿಯಾಗಿ ತಳದಲ್ಲಿ ಕೂರುತ್ತದೆ. ಟ್ಯಾಂಕಿನೊಳಗೂ ಸ್ವಲ್ಪ ಹಾಗೇ ಕಳೆದುಹೋಗುತ್ತದೆ. ಆದ್ದರಿಂದ ಎಷ್ಟು ಹಾಕಿದಿರಿ ಎನ್ನುವುದಕ್ಕಿಂತ ಎಷ್ಟು ಉಳಿಯಿತು ಎನ್ನುವುದೇ ಲೆಕ್ಕ. ಕ್ಲಾರಿಫೈಯರ್ ನೀರನ್ನು ಸೋಸಿ ಅಳೆದಾಗ ಅಮೋನಿಯಾ ಸಾರಜನಕ 1ರಿಂದ 2, ಆರ್ಥೋಫಾಸ್ಫೇಟ್ ರಂಜಕ 0.5 ಮಿ.ಗ್ರಾಂ ಇರಬೇಕು. ಸೋಸದೆ ಅಳೆದರೆ ದಾಟಿಬಂದ ಸ್ಲಜ್ಜಿನೊಳಗಿನ ರಂಜಕವೂ ಲೆಕ್ಕಕ್ಕೆ ಸೇರಿ ಮೋಸವಾಗುತ್ತದೆ. ಅತಿಯೂ ಬೇಡ: ಯೂರಿಯಾ ಹೆಚ್ಚಾಗಿ ಸ್ಲಜ್ ಹಳತಾಗಿದ್ದರೆ ನೈಟ್ರೇಟ್ ಆಗಿ, ಕ್ಲಾರಿಫೈಯರ್ ತಳದಲ್ಲಿ ಸಾರಜನಕ ಅನಿಲ ಬಿಟ್ಟು ಸ್ಲಜ್ಜನ್ನು ಎತ್ತುತ್ತದೆ. ಸಿಲಿಂಡರಿನಲ್ಲಿ ಕೂತು ಮತ್ತೆ ಎದ್ದ ಸ್ಲಜ್ ಇದೇ ಇರಬಹುದು.

ಈಕ್ವಲೈಸೇಷನ್ ಟ್ಯಾಂಕ್ ಹುಳಿಯಾಗಿದ್ದರೆ

ರಟ್ಟಿನ ಕಾರ್ಖಾನೆಗಳಲ್ಲಿ ಮೊದಲು ಅನುಮಾನಿಸಬೇಕಾದ ಜಾಗ ಇದೇ. ಹಳೆ ರಟ್ಟಿನ ಪಿಷ್ಟ, ಕಾಗದಕ್ಕೆ ಪಿಷ್ಟ ಬಳಿಯುವ ಸೈಜ್ ಪ್ರೆಸ್‌ನಿಂದ ಚೆಲ್ಲಿದ ಪಿಷ್ಟ ಎರಡೂ ಬಿಸಿನೀರಿನಲ್ಲಿ ಗಾಳಿಯಿಲ್ಲದೆ ಕೂತರೆ ಹುದುಗಿ ಅಸಿಟಿಕ್, ಪ್ರೊಪಿಯೋನಿಕ್ ಆಮ್ಲಗಳಾಗುತ್ತವೆ. ಪಿಎಚ್ 7ರಿಂದ 6ಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಪಟಕದಿಂದ (ಆಲಮ್) ಬಂದ ಸಲ್ಫೇಟ್ ಅದೇ ಕತ್ತಲೆಯಲ್ಲಿ ಸಲ್ಫೈಡ್ ಆಗುತ್ತದೆ: ಕೊಳೆತ ಮೊಟ್ಟೆಯ ವಾಸನೆ, ಕಪ್ಪು ನೀರು. ಈ ಎರಡೂ ಸೇರಿದ ನೀರು ಥಯೋಥ್ರಿಕ್ಸ್, ಟೈಪ್ 021ಎನ್ ಎಂಬ ಎಳೆ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಸೂಕ್ಷ್ಮದರ್ಶಕದಲ್ಲಿ ಅವು ಫ್ಲಾಕ್‌ನಿಂದ ಹೊರಚಾಚಿದ ಉದ್ದ ಎಳೆಗಳಾಗಿ ಕಾಣುತ್ತವೆ. ಒಳಗೆ ಗಂಧಕದ ಮಿನುಗುವ ಚುಕ್ಕಿಗಳಿದ್ದರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ಸೂಕ್ಷ್ಮದರ್ಶಕ ಇಲ್ಲದಿದ್ದರೆ ಲೆಡ್ ಅಸಿಟೇಟ್ ಕಾಗದವನ್ನು ಒದ್ದೆ ಮಾಡಿ ಮಾದರಿ ಬಾಟಲಿಯ ಬಾಯಿಗೆ ಹಿಡಿಯಿರಿ. ಕಂದು, ಕಪ್ಪಾದರೆ ಸಲ್ಫೈಡ್. ಪಿಷ್ಟ ಎಲ್ಲಿಂದ ಬರುತ್ತಿದೆ ಎಂದು ಹಿಡಿಯಲು ಅಯೋಡಿನ್ ದ್ರಾವಣ ಸಾಕು, ಆದರೆ ಎರಡು ಎಚ್ಚರ. ಮಾದರಿ ಆರಿರಬೇಕು, ಬಿಸಿಯಲ್ಲಿ ನೀಲಿ ಬಣ್ಣ ನಿಲ್ಲುವುದಿಲ್ಲ. ಈಕ್ವಲೈಸೇಷನ್‌ನ ಕಪ್ಪು ನೀರಿನಲ್ಲಿ ಪರೀಕ್ಷಿಸಬೇಡಿ, ಸಲ್ಫೈಡ್ ಅಯೋಡಿನ್ನನ್ನೇ ತಿಂದುಹಾಕಿ ಪಿಷ್ಟವೇ ಇಲ್ಲವೆಂದು ತೋರಿಸುತ್ತದೆ. ಮಷೀನಿನ ಒಂದೊಂದು ಚರಂಡಿಯಿಂದ ಒಂದೊಂದು ಗ್ಲಾಸ್ ತುಂಬಿಕೊಂಡು ಸಾಲಾಗಿ ಇಟ್ಟು, ಆರಿಸಿ, ಎರಡೆರಡು ಹನಿ ಹಾಕಿ. ಗಾಢ ನೀಲಿಯಾದ ಗ್ಲಾಸಿನ ಚರಂಡಿ ಹಿಡಿದು ಹಿಂದಕ್ಕೆ ನಡೆಯಿರಿ. ಸಾಮಾನ್ಯವಾಗಿ ಸೈಜ್ ಪ್ರೆಸ್ ಟ್ರೇ ಅಥವಾ ಪಿಷ್ಟ ಬೇಯಿಸುವ ಟ್ಯಾಂಕಿನ ಓವರ್‌ಫ್ಲೋ ಹತ್ತಿರ ನಿಲ್ಲುತ್ತೀರಿ. ಶೇ. 10ರ ಬೆಂದ ಪಿಷ್ಟ 1000 ಲೀಟರ್ ಚರಂಡಿ ಸೇರಿದರೆ 100 ಕಿಲೋ ಪಿಷ್ಟ, ಸುಮಾರು 118 ಕಿಲೋ ಸಿಒಡಿ (ಕೊಳೆಯನ್ನು ರಾಸಾಯನಿಕವಾಗಿ ಸುಡಲು ಬೇಕಾದ ಆಮ್ಲಜನಕದ ಲೆಕ್ಕ). ಗ್ರೇಡ್ ಬದಲಿಸುವಾಗ ಒಂದು ಟ್ಯಾಂಕ್ ಬರಿದು ಮಾಡಿದರೂ ಇಟಿಪಿಗೆ ಅದು ಹೊಡೆತ.

ಸರಿಪಡಿಸುವುದು ಹೀಗೆ. ಈಕ್ವಲೈಸೇಷನ್ ಟ್ಯಾಂಕಿಗೆ ಗಾಳಿ ಕೊಡಿ. ಪ್ರತಿ ಘನ ಮೀಟರ್ ನೀರಿಗೆ ಗಂಟೆಗೆ 0.6ರಿಂದ 0.9 ಘನ ಮೀಟರ್ ಗಾಳಿ ಇದ್ದರೆ ಕೊಳೆಯುವುದು ತಡೆಯುತ್ತದೆ. ತಳದಲ್ಲಿ ಕೂತ ನಾರಿನ ಗಸಿ ತೆಗೆಸಿ; ಅದಿದ್ದಷ್ಟು ದಿನ ಮೇಲೆ ಎಷ್ಟು ಗಾಳಿ ಊದಿದರೂ ಕೆಳಗೆ ಕೊಳೆ ಮುಂದುವರಿಯುತ್ತದೆ. ಪ್ರೈಮರಿ ಕ್ಲಾರಿಫೈಯರ್‌ನ ಸ್ಲಜ್ಜನ್ನು ಪ್ರೆಸ್ ಕೆಟ್ಟಿದೆ ಎಂದು ಎರಡು ದಿನ ಕೂಡಿಡಬೇಡಿ. ತುರ್ತಿಗೆ ಫೆರಿಕ್ ಕ್ಲೋರೈಡ್ ಸಲ್ಫೈಡನ್ನು ಹಿಡಿಯುತ್ತದೆ. ಪಿಎಚ್ ಏರಿಸಲು ಸುಣ್ಣ ಅಗ್ಗವೇನೋ ಹೌದು, ಆದರೆ ಮುಂದೆ ಹೇಳುವ ಕ್ಯಾಲ್ಸಿಯಂ ಕಾಟಕ್ಕೆ ತುಪ್ಪ ಸುರಿದಂತೆ, ಕಾಸ್ಟಿಕ್ ಬಳಸಿ.

ಗಸಿ ತೆಗೆಸಲು ಆಳು ಇಳಿಸುವ ಮಾತು ಬಂದರೆ ಅಲ್ಲೇ ನಿಲ್ಲಿ. ಗಸಿ ಕಲಕಿದೊಡನೆ ಹೈಡ್ರೋಜನ್ ಸಲ್ಫೈಡ್ ಒಮ್ಮೆಲೇ ಏಳುತ್ತದೆ. 100 ಪಿಪಿಎಂ ಆಸುಪಾಸಿನಲ್ಲಿ ಮೂಗು ಸತ್ತು ವಾಸನೆಯೇ ತಿಳಿಯುವುದಿಲ್ಲ, ಆದ್ದರಿಂದ "ಈಗ ವಾಸನೆ ಹೋಗಿದೆ" ಎನ್ನುವುದು ಅತಿ ಅಪಾಯದ ಮಾತು. ಹೊರಗಿನಿಂದಲೇ ಸಕ್ಷನ್ ಲಾರಿಯಲ್ಲಿ ಎಳೆಸಿ. ಇಳಿಯಲೇಬೇಕಾದರೆ ಗ್ಯಾಸ್ ಮೀಟರ್, ಗಾಳಿ ಊದುವ ಬ್ಲೋವರ್, ಉಸಿರಾಟದ ಸೆಟ್, ಸೊಂಟಕ್ಕೆ ಹಗ್ಗ, ಮೇಲೆ ಕಾವಲಿಗೆ ಆಳು, ಬರಹದ ಪರ್ಮಿಟ್. ಬಿದ್ದವನನ್ನು ಎತ್ತಲು ಹಾಗೇ ಇಳಿದ ಎರಡನೆಯವನೂ ಬೀಳುತ್ತಾನೆ.

ಗಾಳಿ ಇದೆ, ಆಮ್ಲಜನಕ ಇಲ್ಲ

ಈಕ್ವಲೈಸೇಷನ್‌ನಲ್ಲಿ ಹುಟ್ಟಿದ ಆ ಆಮ್ಲಗಳು ಕಾಗದದ ಫಿಲ್ಲರ್ ಆಗಿರುವ ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಿಸುತ್ತವೆ. ನೀರನ್ನು ಹೆಚ್ಚು ಸುತ್ತಿಸುವ ಕಾರ್ಖಾನೆಗಳಲ್ಲಿ ಕ್ಯಾಲ್ಸಿಯಂ ಲೀಟರಿಗೆ ನೂರಾರು ಮಿ.ಗ್ರಾಂ ಇರುತ್ತದೆ. ಏರೇಷನ್ ಟ್ಯಾಂಕಿನಲ್ಲಿ ಆಮ್ಲ ತಿಂದು ಮುಗಿದು, ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಪಿಎಚ್ 7.5–8ಕ್ಕೆ ಏರಿದೊಡನೆ ಆ ಕ್ಯಾಲ್ಸಿಯಂ ಮತ್ತೆ ಕಲ್ಲಾಗಿ ಗಾಳಿಗುಳ್ಳೆ ಬಿಡುವ ಡಿಫ್ಯೂಸರ್‌ನ ರಂಧ್ರಗಳ ಮೇಲೇ ಕೂರುತ್ತದೆ. ಸುಳಿವು ಬ್ಲೋವರ್‌ನ ಒತ್ತಡದ ಗೇಜ್. 4 ಮೀಟರ್ ನೀರಿಗೆ 0.4 ಕೆಜಿ/ಚ.ಸೆಂ.ಮೀ., ಪೈಪು ಮತ್ತು ಡಿಫ್ಯೂಸರ್‌ಗೆ ಇನ್ನಷ್ಟು ಸೇರಿ 0.5 ಸುಮಾರು. ಅದು ತಿಂಗಳಿಂದ ತಿಂಗಳಿಗೆ ಏರುತ್ತ 0.6 ಆಗಿದ್ದರೆ ಕಲ್ಲು ಕಟ್ಟಿದೆ. ಒತ್ತಡ ಇಳಿದು ನೀರಿನ ಮೇಲೆ ಒಂದು ಕಡೆ ಅನ್ನದ ಎಸರಿನಂತೆ ಕುದಿಯುತ್ತಿದ್ದರೆ ಅಲ್ಲಿ ಮೆಂಬ್ರೇನ್ ಹರಿದಿದೆ. ಕಲ್ಲಿಗೆ ಫಾರ್ಮಿಕ್ ಆಮ್ಲದ ತೊಳೆತ, ಮೆಂಬ್ರೇನ್ ತಯಾರಕರು ಹೇಳಿದ ಸಾಂದ್ರತೆಯಲ್ಲಿ. ನೊರೆಗೆಂದು ಎಣ್ಣೆಯಂಶದ ಡಿಫೋಮರ್ ಸುರಿಯುತ್ತಿದ್ದರೆ ಅದೂ ನಿಲ್ಲಲಿ. ಗುಳ್ಳೆಯಿಂದ ನೀರಿಗೆ ಆಮ್ಲಜನಕ ಹೋಗುವುದನ್ನು ಅದು ತಗ್ಗಿಸುತ್ತದೆ.

ಇದೇ ಕ್ಯಾಲ್ಸಿಯಂ ಇನ್ನೊಂದು ಮೋಸ ಮಾಡುತ್ತದೆ. ಎಂಎಲ್‌ಎಸ್‌ಎಸ್ 3500 ಎಂದು ಹಿಡಿದು ನಡೆಸುತ್ತಿರುತ್ತೀರಿ, ಆದರೆ ಎಂಎಲ್‌ವಿಎಸ್‌ಎಸ್ ಪಾಲು 0.65ರಿಂದ 0.5ಕ್ಕೆ ಇಳಿದಿರುತ್ತದೆ. ಅಂದರೆ ಜೀವ ಕಡಿಮೆಯಾಗಿ ಕಲ್ಲಿನ ಪುಡಿ ಹೆಚ್ಚಿದೆ. ವಾರಕ್ಕೊಮ್ಮೆಯಾದರೂ 550 ಡಿಗ್ರಿಯಲ್ಲಿ ಸುಟ್ಟು ನೋಡಿ. ಅದಕ್ಕೂ ಒಂದು ಕೊಂಕು ಇದೆ: ನಾರು ಸುಟ್ಟುಹೋಗುವುದರಿಂದ ಅದೂ ಜೀವಂತದ ಲೆಕ್ಕಕ್ಕೇ ಸೇರುತ್ತದೆ. ಪ್ರೈಮರಿಯಿಂದ ನಾರು ದಾಟುತ್ತಿದ್ದರೆ ಅಂಕಿ ಚೆನ್ನಾಗಿರುತ್ತದೆ, ಕೆಲಸ ಆಗುವುದಿಲ್ಲ. ಸ್ಲೈಡಿನಲ್ಲಿ ನಾರನ್ನು ಎಳೆ ಬ್ಯಾಕ್ಟೀರಿಯಾ ಎಂದು ತಪ್ಪು ತಿಳಿಯಬೇಡಿ: ನಾರು 15–30 ಮೈಕ್ರಾನ್ ದಪ್ಪದ ಚಪ್ಪಟೆ ಪಟ್ಟಿ, ಎಳೆ ಒಂದೆರಡು ಮೈಕ್ರಾನಿನ ಕೂದಲು. ನಾರೇ ಆಗಿದ್ದರೆ ಗಾಳಿಗುಳ್ಳೆಯಿಂದ ನಾರು ತೇಲಿಸಿ ತೆಗೆಯುವ ಡಿಎಎಫ್‌ನ ಗಾಳಿ ಒತ್ತಡ, ಪ್ರೈಮರಿ ಕ್ಲಾರಿಫೈಯರ್, ಜರಡಿ ಹರಿದಿದೆಯೇ ಎಂಬುದನ್ನು ನೋಡಿ.

ಕಾರಣ ಸಿಗುವವರೆಗೆ, ಸಿಕ್ಕ ಮೇಲೆ

ಕಾರಣ ಹುಡುಕುವಷ್ಟರಲ್ಲಿ ಸ್ಲಜ್ಜೆಲ್ಲ ಹೊಳೆಪಾಲಾಗಬಾರದು. ಒಳಹರಿವನ್ನು ಈಕ್ವಲೈಸೇಷನ್‌ನಲ್ಲಿ ಹಿಡಿದು 24 ಗಂಟೆಗೆ ಸಮವಾಗಿ ಹಂಚಿ. ಸ್ಲಜ್ ಹೊರಹಾಕುವ ಲೆಕ್ಕ ಸರಿಯಿದೆಯೇ ನೋಡಿ: ಟ್ಯಾಂಕಿನಲ್ಲಿ 5250 ಕಿಲೋ, 15 ದಿನದ ವಯಸ್ಸು ಬೇಕೆಂದರೆ ದಿನಕ್ಕೆ 350 ಕಿಲೋ, ರಿಟರ್ನ್ ಸ್ಲಜ್ ಲೀಟರಿಗೆ 8000 ಮಿ.ಗ್ರಾಂ ಇದ್ದರೆ ಸುಮಾರು 44 ಘನ ಮೀಟರ್. ಕ್ಯಾಟಯಾನಿಕ್ ಪಾಲಿಮರ್ ಬೇಕೇ ಆದರೆ ಲೀಟರಿಗೆ 1–2 ಮಿ.ಗ್ರಾಂ, ಮೊದಲು ಜಾರ್‌ನಲ್ಲಿ ನೋಡಿ, ಕೆಲವೇ ದಿನ.

ಎಳೆಗಳು ವಿಪರೀತ ಬೆಳೆದಿದ್ದರೆ ರಿಟರ್ನ್ ಸ್ಲಜ್‌ಗೆ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಕೊಡಬಹುದು. ಪ್ರತಿ 1000 ಕಿಲೋ ಎಂಎಲ್‌ವಿಎಸ್‌ಎಸ್‌ಗೆ ದಿನಕ್ಕೆ 2–3 ಕಿಲೋ ಕ್ಲೋರಿನ್‌ನಿಂದ ಶುರು. 3450 ಕಿಲೋ ಇದ್ದರೆ 3ರ ಲೆಕ್ಕದಲ್ಲಿ 10.4 ಕಿಲೋ, ಶೇ. 10ರ ಹೈಪೋ ಸುಮಾರು 104 ಲೀಟರ್, ಇಡೀ ದಿನಕ್ಕೆ ಹಂಚಿ, ಪಂಪಿನ ಬಳಿ ಚೆನ್ನಾಗಿ ಬೆರೆಯುವ ಕಡೆ. ಬಿಸಿಲಿನಲ್ಲಿಟ್ಟ ಹೈಪೋ ಸೊರಗಿರುತ್ತದೆ, ಅದರ ಬಲ ಅಳೆದೇ ಹಾಕಿ. ಲೋಳೆ ಬಲ್ಕಿಂಗ್‌ಗೆ ಇದು ಮದ್ದಲ್ಲ. ಇಂಡಿಯಾ ಇಂಕ್ ನೋಡದೆ ಹೈಪೋ ಮುಟ್ಟಬೇಡಿ. ಸ್ಲಜ್ಜೆಲ್ಲ ದಿನಕ್ಕೆ ಮೂರು ಸಲವಾದರೂ ಡೋಸ್ ಜಾಗ ಹಾದುಹೋದರೆ ಮದ್ದು ಬೇಗ ಹತ್ತುತ್ತದೆ. ನಮ್ಮ ಮಾದರಿಯಂಥ ದೊಡ್ಡ ಟ್ಯಾಂಕಿನಲ್ಲಿ, ರಿಟರ್ನ್ ದಿನಕ್ಕೆ 800 ಘನ ಮೀಟರ್ ಇದ್ದರೆ, ಅದು ಒಂದು ಸಲಕ್ಕಿಂತ ಚೂರು ಹೆಚ್ಚು. ಆದ್ದರಿಂದ ಎರಡನೇ ದಿನವೇ ಫಲ ಕಾಣಲಿಲ್ಲ ಎಂದು ಡೋಸ್ ದುಪ್ಪಟ್ಟು ಮಾಡಬೇಡಿ. ದಿನವೂ ಸ್ಲೈಡ್ ನೋಡಿ: ಎಳೆಯೊಳಗೆ ಕೋಶಗಳು ಮುರಿದು ಖಾಲಿ ಕೊಳವೆ ಉಳಿದಿದ್ದರೆ ಕೆಲಸವಾಗುತ್ತಿದೆ. ಸಿಲಿಂಡರಿನ ಮೇಲ್ನೀರು ಹಾಲಿನಂತೆ ಮಂಕಾದರೆ ಆ ಕ್ಷಣವೇ ನಿಲ್ಲಿಸಿ. ಸಾವಯವದ ಜೊತೆ ಕ್ಲೋರಿನ್ ಸೇರಿ ಎಒಎಕ್ಸ್ ಎಂಬ ಹಾನಿಕರ ಸಂಯುಕ್ತಗಳಾಗುವುದರಿಂದ ಇದನ್ನು ದಿನಚರಿ ಮಾಡಿಕೊಳ್ಳುವಂತಿಲ್ಲ.

ಸತ್ತ ಎಳೆಯ ಖಾಲಿ ಕೊಳವೆಗಳು ಇನ್ನೂ ಫ್ಲಾಕ್‌ಗಳ ನಡುವೆ ಸಿಕ್ಕಿಕೊಂಡೇ ಇರುತ್ತವೆ, ಹೊರಹಾಕಿದಂತೆಲ್ಲ ಕಡಿಮೆಯಾಗುತ್ತವೆ. ಹಾಗಾಗಿ ಎಳೆ ಸತ್ತ ಮೇಲೂ ಎಸ್‌ವಿಐ 150ಕ್ಕೆ ಇಳಿಯಲು ವಾರಗಳು ಹಿಡಿಯುತ್ತವೆ. ಆ ವಾರಗಳಲ್ಲಿ ದಿನದ 44 ಘನ ಮೀಟರ್ ಹೊರಹಾಕುವುದು, ಯೂರಿಯಾ–ಡಿಎಪಿ ಹನಿ, ಈಕ್ವಲೈಸೇಷನ್ ಗಾಳಿ, ಮೂರೂ ಒಂದು ಶಿಫ್ಟ್ ಕೂಡ ತಪ್ಪಬಾರದು. ನೀರು ತಿಳಿಯಾದ ಮೊದಲ ದಿನವೇ ಯೂರಿಯಾ ಪಂಪ್ ಆಫ್ ಆಗಿರುವುದು ಎಷ್ಟೋ ಲಾಗ್ ಬುಕ್‌ಗಳಲ್ಲಿ ಸಿಗುತ್ತದೆ. ಪಂಪಿನ ಸ್ವಿಚ್ಚಿನ ಪಕ್ಕವೇ ಡೋಸಿನ ಅಂಕಿ ಬರೆದು ಅಂಟಿಸಿಡಿ.